ಮಾಟುಂಗಾದ ಬಾಳೆಯೆಲೆ ಊಟ: ಮೊದಲ ವರ್ಷದ ವಿದ್ಯಾರ್ಥಿಯ ಅನುಭವ

ಶಿರಸಿಯಿಂದ ಮುಂಬಯಿಯ ಇಂಜಿನಿಯರಿಂಗ್ ಕಾಲೇಜಿಗೆ ಬಂದ ಮೊದಲ ಸೆಮಿಸ್ಟರಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಗಣಿತವಲ್ಲ, ಮರಾಠಿಯೂ ಅಲ್ಲ, ಊಟ. ತಿಂಗಳ ಹಣ ಮುಂಗಡವಾಗಿ ಕಟ್ಟಿ ಸೇರಿದ್ದ ಮೆಸ್ಸೊಂದರಲ್ಲಿ, ಪ್ರಾಕ್ಟಿಕಲ್ ಮುಗಿಸಿ ತಡವಾಗಿ ಹೋದವರಿಗೆ ತಣ್ಣಗಾದ ಚಪಾತಿ ಬಿಟ್ಟರೆ ಬೇರೇನೂ ಉಳಿದಿರುತ್ತಿರಲಿಲ್ಲ.

ಆಗ ಹಿರಿಯ ವಿದ್ಯಾರ್ಥಿಯೊಬ್ಬರು ತೋರಿಸಿದ ಜಾಗವೇ ಲೋಕಲ್ ರೈಲಿನ ಸೆಂಟ್ರಲ್ ಮಾರ್ಗದ ಮಾಟುಂಗಾ ನಿಲ್ದಾಣದ ಬಳಿ 1942ರಲ್ಲಿ ಆರಂಭವಾದ, ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಂಬ ಊಟದ ಹೋಟೆಲು. ಪಶ್ಚಿಮ ಮಾರ್ಗದ ಮಾಟುಂಗಾ ರೋಡ್ ನಿಲ್ದಾಣದಲ್ಲಿ ಇಳಿದರೆ ಸೇತುವೆ ದಾಟಿ ನಡೆಯಬೇಕಾಗುತ್ತದೆ. ಹೊಸಬರೆಲ್ಲ ಒಮ್ಮೆಯಾದರೂ ಈ ತಪ್ಪು ಮಾಡುತ್ತಾರೆ, ನಾನೂ ಮಾಡಿದೆ.

ಇಲ್ಲಿ ತಟ್ಟೆಯ ಮಿತ ಊಟವೂ ಬಾಳೆಯೆಲೆಯ ಪೂರ್ಣ ಊಟವೂ ಸಿಗುತ್ತವೆ. ನನ್ನ ಮಟ್ಟಿಗೆ ಎಲೆಯ ಊಟವೇ ಮೇಲು, ಏಕೆಂದರೆ ಬಿಸಿ ಅನ್ನದ ಮೇಲೆ ಮೊದಲು ಸಾರು, ಆಮೇಲೆ ಸಾಂಬಾರು, ಕೊನೆಗೆ ಮಜ್ಜಿಗೆ ಎಂಬ ಮನೆಯ ಕ್ರಮದಲ್ಲಿ ಅವಸರವಿಲ್ಲದೆ ಉಣ್ಣಬಹುದು. ಸಾರು ತೆಳ್ಳಗಿದ್ದು, ಮೆಣಸಿನ ಖಾರ ಗಂಟಲಿಗೆ ಹಿತವಾಗಿತ್ತು. ಪಲ್ಯ ಅಮ್ಮನ ಕೈರುಚಿಗೆ ಸಮವಲ್ಲ. ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಬಡಿಸುವವರೊಡನೆ ಕನ್ನಡದಲ್ಲೇ "ಇನ್ನೂ ಸ್ವಲ್ಪ ಅನ್ನ ಹಾಕಿ" ಎಂದು ಕೇಳಿದ ದಿನ, ಈ ನಗರದಲ್ಲಿ ನನ್ನ ಧ್ವನಿ ಮೊದಲ ಬಾರಿಗೆ ಸಹಜವಾಗಿ ಹೊರಟಿತು.

ದಿನವೂ ಹೋಗಲು ವಿದ್ಯಾರ್ಥಿಯ ಜೇಬು ಒಪ್ಪುವುದಿಲ್ಲವಾದ್ದರಿಂದ, ನಾನು ತಿಂಗಳಿಗೆ ಎರಡು ಬಾರಿ, ಬೆಳಗಿನ ತಿಂಡಿ ಬಿಟ್ಟು ಹೋಗುತ್ತೇನೆ.