ಏರ್ ರಿಸೀವರ್ ಟ್ಯಾಂಕ್: ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ನಮ್ಮ ಕಾರ್ಖಾನೆಯ ಕಂಪ್ರೆಸರ್ ಕೋಣೆಯಲ್ಲಿ ಹಲವು ವರ್ಷಗಳಿಂದ ಕೆಲಸದಲ್ಲಿರುವ ಎರಡು ಏರ್ ರಿಸೀವರ್ ಟ್ಯಾಂಕ್‌ಗಳ, ಅಂದರೆ ಒತ್ತಿದ ಗಾಳಿಯನ್ನು ಕೂಡಿಡುವ ಪಾತ್ರೆಗಳ, ಕುರಿತ ವಿಮರ್ಶೆ ಇದು. ಎರಡೂ ಕಾರ್ಬನ್ ಸ್ಟೀಲಿನವು, ನೆಟ್ಟಗೆ ನಿಲ್ಲುವ ಮಾದರಿಯವು. ಮೊದಲನೆಯದು 2000 ಲೀಟರಿನದು; ಅದು ಕಂಪ್ರೆಸರ್ ಮತ್ತು ಗಾಳಿಯ ತೇವ ತೆಗೆಯುವ ಡ್ರೈಯರ್‌ಗಳ ನಡುವೆ ಇದೆ. ಎರಡನೆಯದು 3000 ಲೀಟರಿನದು. ಅದನ್ನು ಕೆಲವು ಕಾಲದ ನಂತರ ಡ್ರೈಯರ್‌ನ ಆಚೆ ಬದಿಯಲ್ಲಿ ಸೇರಿಸಲಾಯಿತು. ಇವೆರಡಕ್ಕೂ ಗಾಳಿ ಕೊಡುವುದು ನಿಮಿಷಕ್ಕೆ 10 ಘನ ಮೀಟರ್ ಸಾಮರ್ಥ್ಯದ, ಒತ್ತಡ 6 ಬಾರ್‌ಗೆ ಇಳಿದಾಗ ಗಾಳಿ ಕೊಡಲು ತೊಡಗಿ (ಲೋಡ್), 7 ಬಾರ್‌ಗೆ ಏರಿದಾಗ ಗಾಳಿ ಕೊಡದೆ ಖಾಲಿ ತಿರುಗುವ (ಅನ್‌ಲೋಡ್), ಸ್ಥಿರ ವೇಗದ ಒಂದು ಸ್ಕ್ರೂ ಕಂಪ್ರೆಸರ್. ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಒತ್ತಡದ ಪಾತ್ರೆಗಳ ನಿಯಮಕ್ಕೆ ಒಳಪಟ್ಟು ತಯಾರಾದ ಟ್ಯಾಂಕ್‌ಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಂಥ ದೊಡ್ಡ ಅಂತರವೇನೂ ಇರುವುದಿಲ್ಲ; ಟ್ಯಾಂಕ್ ಎಲ್ಲಿ ನಿಂತಿದೆ, ಅದರ ತಳದ ನೀರು ಹೇಗೆ ಹೊರಹೋಗುತ್ತದೆ ಎಂಬುದರ ಮೇಲೆಯೇ ಬಳಕೆದಾರನ ಅನುಭವ ನಿಂತಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಸಾಮರ್ಥ್ಯದ ಮಾತು. 2000 ಲೀಟರ್ ಎಂದು ಬರೆದಿರುವ ಟ್ಯಾಂಕಿನಲ್ಲಿ ಗೇಜ್ ತೋರಿಸುವ 7 ಬಾರ್ ಒತ್ತಡದ, ಅಂದರೆ ವಾತಾವರಣದ ಒತ್ತಡಕ್ಕಿಂತ (ಅದು ಸುಮಾರು 1 ಬಾರ್) 7 ಬಾರ್ ಹೆಚ್ಚಿನ, ಗಾಳಿ ತುಂಬಿದಾಗ, ವಾತಾವರಣದ ಒತ್ತಡಕ್ಕೆ ಇಳಿಸಿ ಲೆಕ್ಕ ಹಾಕಿದರೆ ಸುಮಾರು 16,000 ಲೀಟರ್ ಗಾಳಿ ಒಳಗಿರುತ್ತದೆ. ಅಷ್ಟೂ ನಮ್ಮ ಬಳಕೆಗೆ ಸಿಗುವಂಥದ್ದೆಂದು ಭಾವಿಸಬಾರದು. ಯಂತ್ರಗಳಿಗೆ ಕನಿಷ್ಠ 6 ಬಾರ್ ಬೇಕಾದರೆ, 7 ರಿಂದ 6 ಬಾರ್‌ಗೆ ಇಳಿಯುವ ಅವಧಿಯಲ್ಲಿ ಟ್ಯಾಂಕ್ ಕೊಡುವುದು ಹೆಚ್ಚುಕಡಿಮೆ 2000 ಲೀಟರ್ ಮಾತ್ರ. ಸೂತ್ರ ಸರಳವಾಗಿದೆ: ನಿಮಿಷಕ್ಕೆ ಬೇಕಾದ ಹೆಚ್ಚುವರಿ ಗಾಳಿಯನ್ನು ಅದು ಬೇಕಾಗುವ ನಿಮಿಷಗಳಿಂದ ಗುಣಿಸಿ, ಬಾರ್‌ಗಳಲ್ಲಿ ಸಹಿಸಬಹುದಾದ ಒತ್ತಡದ ಇಳಿಕೆಯಿಂದ ಭಾಗಿಸಿದರೆ ಟ್ಯಾಂಕಿನ ಗಾತ್ರ ಸಿಗುತ್ತದೆ. ಕಂಪ್ರೆಸರ್ ಕೊಡುವುದಕ್ಕಿಂತ ನಿಮಿಷಕ್ಕೆ 3 ಘನ ಮೀಟರ್ ಹೆಚ್ಚು ಗಾಳಿ ಅರ್ಧ ನಿಮಿಷ ಬೇಕಿದ್ದು, 1 ಬಾರ್ ಇಳಿಕೆಯನ್ನು ಒಪ್ಪಬಹುದಾದರೆ 1500 ಲೀಟರ್ ಸಾಕು. ಅದೇ ಕೊರತೆ ಹತ್ತು ನಿಮಿಷ ಮುಂದುವರಿಯುವುದಾದರೆ 30,000 ಲೀಟರ್ ಬೇಕಾಗುತ್ತದೆ. ಅಲ್ಲಿ ಟ್ಯಾಂಕಿನ ಮಾತು ಬಿಟ್ಟು ಇನ್ನೊಂದು ಕಂಪ್ರೆಸರ್‌ನ ಮಾತು ಆಡಬೇಕು. ಕ್ಷಣಿಕ ಬೇಡಿಕೆಯನ್ನು ಮಾತ್ರ ಟ್ಯಾಂಕ್ ಪೂರೈಸಬಲ್ಲದು, ನಿರಂತರ ಕೊರತೆಯನ್ನು ನೀಗಿಸಲಾರದು.

ಎರಡನೆಯ ಟ್ಯಾಂಕ್ ಬಂದ ನಂತರ ಮೊದಲು ಕಣ್ಣಿಗೆ ಬಿದ್ದ ವ್ಯತ್ಯಾಸ ಕಂಪ್ರೆಸರ್‌ನ ನಡೆಯಲ್ಲಿ. ಬೇಡಿಕೆ ನಿಮಿಷಕ್ಕೆ 5 ಘನ ಮೀಟರ್ ಇರುವಾಗ, 2000 ಲೀಟರಿನ ಒಂದೇ ಟ್ಯಾಂಕ್ ಇದ್ದ ಕಾಲದಲ್ಲಿ ಯಂತ್ರ ಸುಮಾರು 24 ಸೆಕೆಂಡ್ ಲೋಡ್‌ನಲ್ಲಿದ್ದು, ಇನ್ನು 24 ಸೆಕೆಂಡ್ ಅನ್‌ಲೋಡ್‌ನಲ್ಲಿರುತ್ತಿತ್ತು. ಒಟ್ಟು 5000 ಲೀಟರ್ ಆದ ಮೇಲೆ ಒಂದೊಂದೂ ಒಂದು ನಿಮಿಷದ ಹತ್ತಿರಕ್ಕೆ ಬಂದಿತು. ಎಣ್ಣೆ ಬಳಸುವ ಸ್ಕ್ರೂ ಕಂಪ್ರೆಸರ್ ಅನ್‌ಲೋಡ್ ಆದ ಕೂಡಲೇ ಅದರ ವಿದ್ಯುತ್ ಬಳಕೆ ಕೆಳಗೆ ಬೀಳುವುದಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಒಳಗಿನ ಎಣ್ಣೆ ಬೇರ್ಪಡಿಸುವ ಪಾತ್ರೆಯ ಒತ್ತಡವನ್ನು ಒಮ್ಮೆಗೇ ಬಿಟ್ಟರೆ ಎಣ್ಣೆ ನೊರೆಯೇಳುವುದರಿಂದ, ಅದನ್ನು ನಿಧಾನವಾಗಿ, ಸಾಮಾನ್ಯವಾಗಿ ಅರ್ಧ ನಿಮಿಷ ಅಥವಾ ಅದಕ್ಕೂ ಹೆಚ್ಚು ಸಮಯ ತೆಗೆದುಕೊಂಡು ಹೊರಬಿಡಲಾಗುತ್ತದೆ. ಒತ್ತಡ ಪೂರ್ತಿ ಇಳಿಯುವ ಮೊದಲೇ ಮತ್ತೆ ಲೋಡ್ ಆಗುವ ಯಂತ್ರ, ಗಾಳಿ ಕೊಡದೆಯೂ ವಿದ್ಯುತ್ತನ್ನು ನುಂಗುತ್ತಲೇ ಇರುತ್ತದೆ. ಟ್ಯಾಂಕಿನಿಂದ ಉಳಿತಾಯವಾಗುತ್ತದೆ ಎಂದು ಮಾರಾಟಗಾರರು ಹೇಳುವ ಮಾತಿನ ಹಿಂದಿರುವ ನಿಜವಾದ ಕಾರಣ ಇದು. ಆದರೆ ಅವರಲ್ಲಿ ಹೆಚ್ಚಿನವರು ಈ ಕಾರಣವನ್ನು ವಿವರಿಸುವುದಿಲ್ಲ.

ಇನ್ನೊಂದು ಉಳಿತಾಯ ಒತ್ತಡದ ಮಿತಿಯದು. ಯಾವುದೋ ಒಂದು ಯಂತ್ರ ದಿಢೀರನೆ ಗಾಳಿ ಎಳೆದಾಗ ಉಳಿದವು ಸೊರಗದಿರಲೆಂದು ಇಡೀ ವ್ಯವಸ್ಥೆಯ ಒತ್ತಡವನ್ನು ಏರಿಸಿಡುವ ಅಭ್ಯಾಸ ಅನೇಕ ಕಾರ್ಖಾನೆಗಳಲ್ಲಿದೆ. ಪ್ರತಿ 1 ಬಾರ್ ಏರಿಕೆಗೆ ಕಂಪ್ರೆಸರ್‌ನ ವಿದ್ಯುತ್ ಬಳಕೆ ಸುಮಾರು 7 ಶೇಕಡಾ ಹೆಚ್ಚುತ್ತದೆ. ಅದರ ಜೊತೆಗೆ ಸೋರಿಕೆಯೂ ಹೆಚ್ಚುತ್ತದೆ. ನಮ್ಮಲ್ಲಿ ಹೀಗೆ ದಿಢೀರನೆ ಗಾಳಿ ಎಳೆಯುತ್ತಿದ್ದುದು ಧೂಳು ಹಿಡಿಯುವ ಬ್ಯಾಗ್ ಫಿಲ್ಟರ್. ಅದರ ಚೀಲಗಳನ್ನು ಒದರುವ ಗಾಳಿಯ ಹೊಡೆತ ಸೆಕೆಂಡಿನ ಒಂದು ಅಂಶದಷ್ಟು ಕಾಲ ಮಾತ್ರ ಇರುತ್ತದೆಯಾದರೂ, ಆ ಕ್ಷಣದ ಹರಿವು ಬಹಳ ದೊಡ್ಡದು. ಅದರ ಪಕ್ಕದಲ್ಲಿಯೇ ಒಂದು ಸಣ್ಣ ಟ್ಯಾಂಕ್ ಇಟ್ಟು, ಒಳಬರುವ ಪೈಪಿಗೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಹಾಗೂ ಹರಿವನ್ನು ಮಿತಗೊಳಿಸುವ ವಾಲ್ವ್ ಹಾಕಿದ ಮೇಲೆ, ಹೊಡೆತದ ಏರಿಳಿತ ಮುಖ್ಯ ಪೈಪಿಗೆ ಮುಟ್ಟುವುದು ನಿಂತಿತು. ದೂರದಲ್ಲಿರುವ ದೊಡ್ಡ ಟ್ಯಾಂಕಿಗಿಂತ ಹತ್ತಿರದ ಚಿಕ್ಕ ಟ್ಯಾಂಕ್ ಇಂಥ ಕಡೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಡ್ರೈಯರ್‌ಗಿಂತ ಮೊದಲಿರುವ ಟ್ಯಾಂಕನ್ನು ವೆಟ್ ಟ್ಯಾಂಕ್ ಎಂದೂ ನಂತರದ್ದನ್ನು ಡ್ರೈ ಟ್ಯಾಂಕ್ ಎಂದೂ ಕರೆಯುತ್ತಾರೆ. ವೆಟ್ ಟ್ಯಾಂಕ್ ಗಾಳಿಯನ್ನು ಇನ್ನಷ್ಟು ತಣ್ಣಗಾಗಿಸಿ ನೀರನ್ನು ತಳಕ್ಕೆ ಇಳಿಸುತ್ತದೆ. ಡ್ರೈಯರ್‌ನ ಹೊರೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಅದೊಂದೇ ಇದ್ದಾಗ, ಹಠಾತ್ ಬೇಡಿಕೆ ಬಂದರೆ ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿಯೂ ಕಂಪ್ರೆಸರ್ ಕೊಡುವ ಗಾಳಿಯೂ ಒಟ್ಟಿಗೆ ಡ್ರೈಯರ್ ಮೂಲಕ ನುಗ್ಗುತ್ತವೆ. ತನ್ನ ಸಾಮರ್ಥ್ಯ ಮೀರಿದ ಹರಿವಿಗೆ ಸಿಕ್ಕ ಡ್ರೈಯರ್‌ನಿಂದ ಆಗ ತೇವದ ಗಾಳಿಯೇ ಮುಂದೆ ಹೋಗುತ್ತದೆ. ಡ್ರೈ ಟ್ಯಾಂಕ್ ಇದ್ದರೆ ಅಂಥ ಬೇಡಿಕೆ ಒಣಗಿಸಿಟ್ಟ ಗಾಳಿಯಿಂದಲೇ ತೀರುತ್ತದೆ. ಗಾಳಿಯಿಂದ ನಡೆಯುವ ನಮ್ಮ ನ್ಯೂಮ್ಯಾಟಿಕ್ ವಾಲ್ವ್‌ಗಳಲ್ಲಿ ಆಗಾಗ ಕಾಣಿಸುತ್ತಿದ್ದ ನೀರು ಡ್ರೈ ಟ್ಯಾಂಕ್ ಬಂದ ಮೇಲೆ ಕಾಣಿಸಿಕೊಂಡಿಲ್ಲ. ಒಂದೇ ಟ್ಯಾಂಕಿಗೆ ಅವಕಾಶವಿದ್ದು, ಕಂಪ್ರೆಸರ್‌ನ ಜೊತೆಗೆ ಒಳ್ಳೆಯ ಆಫ್ಟರ್‌ಕೂಲರ್ (ಹೊರಬರುವ ಬಿಸಿ ಗಾಳಿಯನ್ನು ತಣ್ಣಗಾಗಿಸುವ ಸಾಧನ) ಹಾಗೂ ನೀರು ಬೇರ್ಪಡಿಸುವ ಸಾಧನ ಇದ್ದರೆ, ನಾನು ಡ್ರೈ ಟ್ಯಾಂಕನ್ನೇ ಆರಿಸುತ್ತೇನೆ.

ಈಗ ದೂರಿನ ಭಾಗ. 30 ಡಿಗ್ರಿ ಉಷ್ಣಾಂಶ ಮತ್ತು 70 ಶೇಕಡಾ ತೇವಾಂಶದ ದಿನದಲ್ಲಿ, ನಮ್ಮ ಕಂಪ್ರೆಸರ್ ಪೂರ್ಣ ಲೋಡ್‌ನಲ್ಲಿ ಗಂಟೆಗೆ ಸುಮಾರು 13 ಲೀಟರ್ ನೀರನ್ನು ಆವಿಯ ರೂಪದಲ್ಲಿ ಒಳಗೆಳೆದುಕೊಳ್ಳುತ್ತದೆ. ಅದರಲ್ಲಿ ಒಂದು ಪಾಲು ವೆಟ್ ಟ್ಯಾಂಕಿನ ತಳಕ್ಕೆ ಬಂದೇ ಬರುತ್ತದೆ. ಇಷ್ಟು ನೀರನ್ನು ನಿಭಾಯಿಸಲು ಟ್ಯಾಂಕಿನ ಜೊತೆ ಬಂದಿದ್ದುದು ಒಂದು ಸಾಧಾರಣ ಟೈಮರ್ ಡ್ರೈನ್ ವಾಲ್ವ್. ನಿಗದಿಯಾದ ಅವಧಿಗೊಮ್ಮೆ ಅದು ತೆರೆದುಕೊಳ್ಳುತ್ತದೆ. ನೀರಿಲ್ಲದ ದಿನಗಳಲ್ಲಿ ಒಳ್ಳೆಯ ಗಾಳಿಯನ್ನು ಹೊರಗೆ ಚೆಲ್ಲುತ್ತದೆ, ಮಳೆಗಾಲದಲ್ಲಿ ಅಷ್ಟು ತೆರೆದರೂ ಸಾಲುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ತಳದಿಂದ ಎದ್ದ ತುಕ್ಕಿನ ಹೊಪ್ಪಳಿಕೆಯೊಂದು ಅದರ ಬಾಯಿಗೆ ಸಿಕ್ಕಿಕೊಂಡು ವಾಲ್ವ್ ಪೂರ್ತಿ ಮುಚ್ಚದೆ, ಒಂದು ರಜೆಯ ಉದ್ದಕ್ಕೂ ಗಾಳಿ ಸೋರುತ್ತಲೇ ಇತ್ತು. ಈಗ ನೀರಿನ ಮಟ್ಟ ನೋಡಿ ತೆರೆಯುವ ಡ್ರೈನ್ ಇದೆ. ಅದರ ಮುಂದೆ ಜಾಲರಿಯ ಸ್ಟ್ರೈನರ್, ಅದಕ್ಕೂ ಮೊದಲು ಒಂದು ಬಾಲ್ ವಾಲ್ವ್. ಪ್ರತಿ ಪಾಳಿಯ ಆರಂಭದಲ್ಲಿ ಪಕ್ಕದ ಕೈ ವಾಲ್ವನ್ನು ಒಮ್ಮೆ ತಿರುಗಿಸಿ ನೋಡುವ ಪದ್ಧತಿಯನ್ನು ಮಾತ್ರ ಬಿಟ್ಟಿಲ್ಲ. ಬರಿಯ ಗಾಳಿ ಬಂದರೆ ಡ್ರೈನ್ ಸರಿಯಿದೆ. ಹಾಲಿನಂಥ ಎಣ್ಣೆ ಬೆರೆತ ನೀರು ರಭಸದಿಂದ ಬಂದರೆ ಸ್ಟ್ರೈನರ್ ಕಟ್ಟಿರಬಹುದು ಅಥವಾ ಡ್ರೈನ್ ಕೆಟ್ಟಿರಬಹುದು. ಆ ನೀರನ್ನು ಎಣ್ಣೆ ಬೇರ್ಪಡಿಸದೆ ಚರಂಡಿಗೆ ಬಿಡುವಂತಿಲ್ಲ.

ಸುರಕ್ಷತೆಯ ವಿಷಯದಲ್ಲಿ ನಮ್ಮ ಟ್ಯಾಂಕ್‌ಗಳ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಸೇಫ್ಟಿ ವಾಲ್ವ್ ನೇಮ್‌ಪ್ಲೇಟಿನಲ್ಲಿರುವ ಗರಿಷ್ಠ ಒತ್ತಡವನ್ನು ಮೀರದಂತೆ ಹೊಂದಿಸಲ್ಪಟ್ಟಿದೆ. ಅದಕ್ಕೂ ಟ್ಯಾಂಕಿಗೂ ನಡುವೆ ಯಾವ ವಾಲ್ವೂ ಇಲ್ಲ, ಇರಲೂ ಕೂಡದು. ಆಗಾಗ ಅಲ್ಟ್ರಾಸಾನಿಕ್ ಉಪಕರಣದಿಂದ ತಗಡಿನ ದಪ್ಪ ಅಳೆಯಿಸುತ್ತೇವೆ. ವೆಟ್ ಟ್ಯಾಂಕಿನಲ್ಲಿ ಸುತ್ತಿನ ಗೋಡೆ ಇನ್ನೂ ಹೊಸದರಂತೆಯೇ ಇದ್ದರೂ, ತಳದ ಬಟ್ಟಲಾಕಾರದ ಭಾಗದಲ್ಲಿ, ಡ್ರೈನ್ ರಂಧ್ರದ ಸುತ್ತ, ಸವೆತ ಸ್ಪಷ್ಟವಾಗಿ ದಾಖಲಾಗಿದೆ. ಒಳಗೆ ಎಪಾಕ್ಸಿ ಲೇಪನವಿರುವ ಡ್ರೈ ಟ್ಯಾಂಕಿನಲ್ಲಿ ಅಂಥ ಬದಲಾವಣೆ ಕಂಡಿಲ್ಲ. ಅದಕ್ಕೆ ಲೇಪನ ಎಷ್ಟು ಕಾರಣವೋ ಒಣ ಗಾಳಿಯೂ ಅಷ್ಟೇ ಕಾರಣವಿರಬೇಕು. ಹೈಡ್ರೋ ಟೆಸ್ಟನ್ನು, ಅಂದರೆ ಟ್ಯಾಂಕ್ ಒತ್ತಡ ತಡೆಯುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು, ಹೆಸರಿಗೆ ತಕ್ಕಂತೆ ನೀರಿನಿಂದಲೇ ಮಾಡಿಸಬೇಕು. ನೀರು ಬಹುಮಟ್ಟಿಗೆ ಕುಗ್ಗದ ಕಾರಣ ಬೆಸುಗೆ ಬಿಟ್ಟರೆ ಒತ್ತಡ ತಕ್ಷಣ ಬಿದ್ದುಹೋಗುತ್ತದೆ. ಗಾಳಿಯಿಂದ ಪರೀಕ್ಷಿಸುವಾಗ ಅದೇ ಆದರೆ ಟ್ಯಾಂಕ್ ಸಿಡಿಯುತ್ತದೆ.

ಖರೀದಿಸುವಾಗ ಯೋಚಿಸಿರದ ಒಂದು ಉಪಯೋಗವೂ ಇದೆ. ಕೆಲಸವಿಲ್ಲದ ಹೊತ್ತಿನಲ್ಲಿ ಕಂಪ್ರೆಸರ್ ನಿಲ್ಲಿಸಿ, ಬಳಸುವ ಯಂತ್ರಗಳನ್ನೆಲ್ಲ ಬಂದ್ ಮಾಡಿ, 7 ರಿಂದ 6 ಬಾರ್‌ಗೆ ಇಳಿಯಲು ಹಿಡಿಯುವ ಸಮಯವನ್ನು ನೋಡಿದರೆ ಸೋರಿಕೆಯ ಅಳತೆ ಸಿಗುತ್ತದೆ. ಟ್ಯಾಂಕ್ ಮತ್ತು ಪೈಪುಗಳು ಸೇರಿ 5000 ಲೀಟರ್ ಇದ್ದು ಹತ್ತು ನಿಮಿಷ ಹಿಡಿದರೆ, ಸೋರಿಕೆ ನಿಮಿಷಕ್ಕೆ 500 ಲೀಟರ್. ಬೇರೆ ಮೀಟರ್ ಬೇಕಿಲ್ಲ, ನಂಬಬಹುದಾದ ಪ್ರೆಷರ್ ಗೇಜ್ ಒಂದಿದ್ದರೆ ಸಾಕು.

ಮುಂದಿನ ಬಾರಿ ಆರ್ಡರ್ ಕೊಡುವಾಗ ವೆಟ್ ಟ್ಯಾಂಕಿಗೂ ಒಳ ಲೇಪನ ಕೇಳುತ್ತೇನೆ. ಡ್ರೈನ್ ರಂಧ್ರ ತಳದ ಅತ್ಯಂತ ಕೆಳಗಿನ ಬಿಂದುವಿನಲ್ಲೇ ಇದೆಯೇ ಎಂದು ನಕ್ಷೆಯಲ್ಲಿ ನೋಡಿಯೇ ಸಹಿ ಹಾಕುತ್ತೇನೆ. ಗಾಳಿ ಕೆಳಗಿನಿಂದ ಒಳಬಂದು ಮೇಲಿನಿಂದ ಹೊರಹೋಗುವಂತೆ ಪೈಪಿನ ಬಾಯಿಗಳಿರಬೇಕು, ಇನ್ನೊಂದು ಗೇಜ್ ಕೂರಿಸಲು ಒಂದು ಬಾಯಿ ಹೆಚ್ಚಾಗಿಯೇ ಇರಬೇಕು. ಟ್ಯಾಂಕ್ ಬಂದು ನಿಂತ ಮೇಲೆ ಅದರ ಮೈಗೆ ಹೊಸ ರಂಧ್ರ ಕೊರೆಯುವಂತೆಯೂ ಇಲ್ಲ, ಬೆಸುಗೆ ಹಾಕುವಂತೆಯೂ ಇಲ್ಲ.