ಆರು ವರ್ಷದ ಮ್ಯಾಲೆ ಧಾರವಾಡದಾಗ ಬಿಸಿ ರೊಟ್ಟಿ ಊಟ

ಹಡಗಿನ ನೌಕರಿ ನಂದು. ಅವ್ವ ತೀರ್ಕೊಂಡ ಮ್ಯಾಲೆ ಮನಿ ಬಾಡಿಗಿ ಕೊಟ್ವಿ, ರಜಾ ಸಿಕ್ಕಾಗೆಲ್ಲ ಪುಣೆದಾಗ ಅಣ್ಣನ ಕಡೆನ ಹೋಗ್ತಿದ್ದೆ, ಹಿಂಗಾಗಿ ಧಾರವಾಡಕ್ಕ ಬಂದು ಆರು ವರ್ಷ ಆಗಿತ್ತು. ಈ ಸಲ ಬಂದು ಲಾಡ್ಜಿನ್ಯಾಗ ಇದ್ದೀನಿ, ಎರಡೂ ಹೊತ್ತಿನ ಊಟ ಮಾರ್ಕೆಟ್ ಹಿಂದಿನ ಓಣ್ಯಾಗಿನ ಲಿಂಗಾಯತ ಖಾನಾವಳಿದಾಗ. ಸಣ್ಣವರಿದ್ದಾಗ ಅವ್ವ ತವರಿಗೆ ಹೋದ್ರ ಅಪ್ಪಾರು ನಮ್ಮನ್ನ ಇಲ್ಲಿಗೇ ಕರ್ಕೊಂಡ್ ಬರ್ತಿದ್ರು.

ಬೆಂಗಳೂರಿಂದ ನಸುಕಿನ್ಯಾಗ ವಂದೇ ಭಾರತ್ ಹತ್ತಿದ್ರ ಮಧ್ಯಾಹ್ನ ಊಟದ ಹೊತ್ತಿಗೆ ಧಾರವಾಡ, 2023ರಾಗ ಸುರು ಆದ ಗಾಡಿ, ನಾ ಹತ್ತಿದ್ದು ಇದ ಮೊದಲು. ಬ್ಯಾಗ್ ಲಾಡ್ಜಿನ್ಯಾಗ ಒಗದು ಸೀದಾ ಖಾನಾವಳಿಗೆ ಹ್ವಾದೆ. ಒಳಗ ಕಾಲಿಡೂದ್ರಾಗ ರೊಟ್ಟಿ ಬಡಿಯೋ ಸಪ್ಪಳ ಕೇಳ್ತು ನೋಡ್ರಿ, ಅಲ್ಲೇ ಒಂದ್ ನಿಮಿಷ ನಿಂತೆ.

ರೊಟ್ಟಿ ಇಲ್ಲೆ ಇನ್ನೂ ಕೈಲೇ ಬಡೀತಾರ. ತೆಳ್ಳಗ, ಅಂಚು ಸೀಳಿಲ್ಲ, ಹಂಚಿನ ಮ್ಯಾಲೆ ನೀರು ಸವರಿ ತಿರುವಿದ ಮ್ಯಾಲೆ ಪೂರ್ತಿ ಉಬ್ಬಿ ಬರ್ತಾವ. ಇದು ಸಸಾರ ಕೆಲಸಲ್ಲ, ಯಾಕಂದ್ರ ಜ್ವಾಳದ ಹಿಟ್ಟಿಗೆ ಗೋಧಿ ಹಿಟ್ಟಿನಂಗ ಜಿಗಟು ಇರಂಗಿಲ್ಲ, ಕುದಿಯೋ ನೀರು ಹಾಕಿ ನಾದ್ಬೇಕು, ಹಿಟ್ಟು ಹಳೇದಾತಂದ್ರ ಜಿಗಿ ಹೋಗಿ ಬಡಿಯೋವಾಗನ ಹರೀತಾವ. ಪುಣೆಯಿಂದ ಹಿಟ್ಟು ಒಯ್ದು ಹಡಗಿನ ಅಡಗಿ ಮನ್ಯಾಗ ಎಷ್ಟು ಸಲ ಪ್ರಯತ್ನ ಮಾಡೀನಿ, ಒಮ್ಮೆನೂ ಒಂದು ಇಡೀ ರೊಟ್ಟಿ ಎದ್ದಿಲ್ಲ.

ತಾಟಿನ್ಯಾಗ ಬದನಿಕಾಯಿ ಎಣಗಾಯಿ, ಹೆಸರಕಾಳ ಪಲ್ಯ, ಝುಣಕ, ಶೇಂಗಾ ಚಟ್ನಿ, ಕೆಂಪ ಖಾರ, ಗಟ್ಟಿ ಮಸರು, ಬಾಜೂಕ ಹಸಿ ಮೆಂತೆ, ಉಳ್ಳಾಗಡ್ಡಿ, ಸವತಿಕಾಯಿ. ಎಣಗಾಯಿ ಅಂತೂ ಅಗದಿ ಭಾರಿ, ಗುರೆಳ್ಳು ಶೇಂಗಾ ಎರಡೂ ಹಾಕಿರ್ತಾರ, ಬದನಿ ಕರಗೇತಿ ಖರೆ ಆದ್ರ ಒಡದಿಲ್ಲ. ಮೂರನೇ ರೊಟ್ಟಿಗೆ ಸಾಕಂದೆ. "ಅಷ್ಟಕ್ಕ ಸಾಕೇನು? ಬಿಸಿ ಐತಿ, ತಗೋಪಾ" ಅಂತ ಬಡಿಸೋ ಅಕ್ಕಾರು ಹಾಕೇ ಬಿಟ್ರು. ಆರು ವರ್ಷದಾಗ ನನಗ ಯಾರೂ ಹಂಗ ಒತ್ತಾಯ ಮಾಡಿ ಉಣಿಸಿರ್ಲಿಲ್ಲ, ಗಂಟಲು ಬಿಗದ್ ಬಂತು.

ಅನ್ನ ಸಾರು ಅಷ್ಟಕ್ಕಷ್ಟ, ಸಾರಿಗೆ ಹುಳಿ ಜಾಸ್ತಿ. ಕೈ ತೊಳಿಯೋ ಕಡೆ ಇನ್ನೊಂದ್ಸ್ವಲ್ಪ ಸ್ವಚ್ಛ ಇಟ್ರ ಚಲೋ. ಊಟಕ್ಕ 110 ರೂಪಾಯಿ, ರೊಟ್ಟಿ ಎಷ್ಟ್ ಬೇಕಷ್ಟು.

ಹೋಗೋರು ಒಂದೂವರಿ ಒಳಗ ಹೋಗ್ರಿ, ಆಮ್ಯಾಲೆ ಎಣಗಾಯಿ ಖಾಲಿ, ಬರೇ ಕಾಳಪಲ್ಯ ಉಳದಿರ್ತದ. ನಾಳೆ ನಾ ಹೊಂಟೀನಿ. ಈ ಸಲ ಹಿಟ್ಟು ಒಯ್ಯಾಂಗಿಲ್ಲ, ಐವತ್ತು ಖಡಕ್ ರೊಟ್ಟಿ ಹೇಳೀನಿ, ಸಂಜಿಕ ಕಟ್ಟಿ ಇಡ್ತೀನಂದಾರ ಅಕ್ಕಾರು.