ಸೋತವರ ಖಾತೆನೂ ಇಡೋ ಕಿರ್ದಿ: ಸುಮೊ ರೆಫರೆನ್ಸ್

ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿಯೊಳಗ ದಲಾಲಿ ಅಂಗಡಿ ದಿವಾನಜಿ ನಾನು. ಸೋಮವಾರ, ಗುರುವಾರ ಟೆಂಡರ್ ಇದ್ದಾಗ ತಲಿ ಎತ್ತಾಕ ಪುರಸೊತ್ತಿಲ್ಲ. ಡಬ್ಬಿ ತಳಿ ಮೆಣಸಿನಕಾಯಿ ಎಷ್ಟು ಚೀಲ, ಕಡ್ಡಿ ತಳಿ ಎಷ್ಟು, ಇದಾ ನಡೀತೈತಿ. ಉಳಿದ ದಿನ ಊಟ ಆದಮ್ಯಾಲೆ ಫೋನಿನ್ಯಾಗ ಇನ್ನೊಂದು ಲೆಕ್ಕದ ಪುಸ್ತಕ ತಗೀತೀನಿ. ಸುಮೊ ರೆಫರೆನ್ಸ್ ಅಂತ ಅದರ ಹೆಸರು, ಜಪಾನಿನ ಸುಮೊ ಕುಸ್ತಿ ಲೆಕ್ಕ ಇಡೋ ವೆಬ್‌ಸೈಟು. ರೊಕ್ಕ ಕೊಡೋದಿಲ್ಲ, ಲಾಗಿನ್ ಮಾಡೋದಿಲ್ಲ. ಭಾಷಾ ಇಂಗ್ಲಿಷ್, ಆದ್ರ ಅಂಕಿ ಓದಾಕ ಬಂದ್ರ ಸಾಕು.

ಒಬ್ಬೊಬ್ಬ ಸುಮೊ ಪೈಲ್ವಾನಗೂ ಒಂದೊಂದು ಪುಟ. ಹುಟ್ಟಿದೂರು, ಎತ್ತರ, ತೂಕ, ಯಾವ ಗರಡಿ (ಅವರು ಹೆಯಾ ಅಂತಾರ), ಮೊದಲ ಕಣಕ್ಕ ಇಳಿದದ್ದು ಯಾವಾಗ, ಮ್ಯಾಲಕ್ಕ ಎಲ್ಲಿತನಾ ಏರಿದ. ಕೆಳಗ ಒಂದೊಂದು ಬಾಶೋಕ್ಕ (15 ದಿನದ ಪಂದ್ಯಾವಳಿ) ಒಂದೊಂದು ಸಾಲು. ಗೆದ್ದರ ಬಿಳಿ ಚುಕ್ಕಿ, ಸೋತರ ಕರಿ ಚುಕ್ಕಿ. ಸಾಲಿನ ಮ್ಯಾಲೆ ಒತ್ತಿದ್ರ ಎದುರಾಳಿ ಯಾರು, ಯಾವ ಪಟ್ಟಿಗೆ ಬಿದ್ದ ಅನ್ನೋದೂ ಬರತೈತಿ. ನಮ್ಮ ಅಂಗಡಿ ಕಿರ್ದಿನೂ ಇಷ್ಟು ಸ್ವಚ್ಛ ಇಲ್ಲ, ಸಾವಕಾರ್ರಿಗೆ ಹೇಳಬ್ಯಾಡ್ರಿ ಮತ್ತ.

ಟಿವಿಯೊಳಗ ನಾವು ನೋಡೋದು ಎಲ್ಲಾಕ್ಕಿಂತ ಮ್ಯಾಲಿನ ಮಕುಉಚಿ ದರ್ಜೆ, 42 ಮಂದಿ. ಅದರ ಕೆಳಗ ಜೂರ್ಯೋ, 28 ಮಂದಿ. ಈ 70 ಮಂದಿಗಷ್ಟ ತಿಂಗಳ ಪಗಾರ. ಅವರ ಕೆಳಗ ಮಕುಶಿತ, ಸಂದಮ್ಮೆ, ಜೊನಿದಾನ್, ತಳಕ್ಕ ಜೊನೊಕುಚಿ. ಇವರಿಗೆ ಊಟ, ಮಲಗಾಕ ಜಾಗ ಗರಡಿಯೊಳಗ. ಕೈಗೆ ಬರೋದು ಬಾಶೋಕ್ಕೊಮ್ಮೆ ಭತ್ಯೆ. 2019ರ ದರದಾಗ ಜೊನೊಕುಚಿಯವಗ ಎರಡು ತಿಂಗಳಿಗೆ 77,000 ಯೆನ್, ಜೂರ್ಯೋ ಏರಿದವಗ ತಿಂಗಳಿಗೇ 11 ಲಕ್ಷ ಯೆನ್. ಮ್ಯಾಲಿನವರು 15 ದಿನಾ 15 ಕುಸ್ತಿ ಹಿಡೀತಾರ, ಕೆಳಗಿನವರು ಏಳು. ಏಳರಾಗ ನಾಕು ಗೆದ್ದರ ಏರಿಕಿ, ಇಲ್ಲಂದ್ರ ಇಳಿಕಿ.

ನಾ ಹೆಚ್ಚಾಗಿ ತಗಿಯೋ ಪುಟ ಶೋನಾನ್‌ಜಾಕುರಾ ಅನ್ನಾವಂದು. ಶಿಕಿಹಿದೆ ಗರಡಿ ಹುಡುಗ. 2015ರ ಸೆಪ್ಟೆಂಬರಿನ್ಯಾಗ ಹಟ್ಟೋರಿಜಾಕುರಾ ಅನ್ನೋ ಹೆಸರಿಲೆ ಶುರು ಮಾಡಿದ, ನಡುವ ಹೆಸರು ಬದಲಿ ಆತು, 2021ರಾಗ ಬಿಟ್ಟ. ಗೆಲುವು 3, ಸೋಲು 238, ಗೈರು 1. ಒಮ್ಮೆ ಸತತ 89 ಸೋಲು, ಕಡೀಕ ಬಿಡೋ ಹೊತ್ತಿಗೆ ಸತತ 104. ಪುಟದ ಉದ್ದಕೂ ಕರಿ ಚುಕ್ಕಿ, ಮೆಣಸಿನ ಕಾಳು ಚೆಲ್ಲಿದಂಗ. ಮೊದಲ ನೋಡಿದಾಗ ನಗು ಬಂತು ಖರೆ. ಆಮ್ಯಾಲೆ ಗೈರು ಅನ್ನೋ ಕಾಲಂ ನೋಡಿದೆ. ಆರು ವರ್ಷದಾಗ ಬರೇ ಒಂದು! ಸೋಲತೀನಿ ಅಂತ ಗೊತ್ತಿದ್ದೂ ಉಳಿದ 241 ಸಲ ಕಣಕ್ಕ ಬಂದಾನ ಹುಡುಗ.

ನಾನೂ ಸಣ್ಣಾವಿದ್ದಾಗ ಗರಡಿ ಮಣ್ಣು ಹಚಗೊಂಡವನ. ನಮ್ಮ ಕಡೆ ಜಾತ್ರಿ ಹ್ಯಾಂಡ್‌ಬಿಲ್ಲಿನ್ಯಾಗ ‘ಜಂಗಿ ನಿಕಾಲಿ ಕುಸ್ತಿಗಳು’ ಅಂತ ದಪ್ಪಕ್ಷರ, ಕೆಳಗ ದೊಡ್ಡ ಜೋಡಿಗಳ ಫೋಟೊ, ಹೆಸರು, ಊರು. ನಮ್ಮಂಥವರೆಲ್ಲಾ ಕಡೀ ಸಾಲಿನ ‘ಇನ್ನೂ ಅನೇಕ ಜೋಡಿಗಳು’ ಒಳಗ. ಕಣದಾಗ ಕೈ ಹಿಡಿದು ಜೋಡಿ ಮಾಡಿ ಬಿಡತಿದ್ರು, ಹಲಗಿ ಬಡೀತಿತ್ತು, ಮುಗೀತು. ನನ್ನ ಚಿತ್ ಮಾಡಿದಾವ ಯಾವೂರಾವ ಅಂತ ಇವತ್ತ ಯಾರರೆ ಕೇಳಿದ್ರ ತೋರಸಾಕ ಒಂದು ಚೀಟಿನೂ ಇಲ್ಲ. ಶೋನಾನ್‌ಜಾಕುರಾನ 238 ಸೋಲಿಗೂ ತಾರೀಖು ಐತಿ, ಎದುರಾಳಿ ಹೆಸರೈತಿ, ಪಟ್ಟಿನ ಹೆಸರೈತಿ. ಹೊಟ್ಟಿಕಿಚ್ಚು ಆಗತೈತ್ರಿ.

ಇನ್ನೊಬ್ಬಾಂವ ಹನಕಾಜೆ, ತತ್ಸುನಾಮಿ ಗರಡಿಯಾವ. 1986ರ ಮಾರ್ಚಿನ್ಯಾಗ ಬಂದಾವ 2022ರ ಜನವರಿಗೆ, 51ರ ವಯಸ್ಸಿನ್ಯಾಗ, ನಿವೃತ್ತಿ ಆದ. ಏರಿದ್ದು ಸಂದಮ್ಮೆ ದರ್ಜೆಯ 18ನೇ ಸ್ಥಾನದತನಾ ಅಷ್ಟ, ಪಗಾರದ ದರ್ಜೆ ಒಂದಿನಾನೂ ಕಾಣಲಿಲ್ಲ. ಅದಾ ಗರಡಿಗೆ ಹೋಶೋರ್ಯು ಬಂದ. 1999ರಾಗ ಹುಟ್ಟಿದಾವ, 2018ರ ಜನವರಿಗೆ ಕಣಕ್ಕ ಇಳಿದು 2025ಕ್ಕ ಯೊಕೊಜುನಾ, ಅಂದ್ರ ಸುಮೊದಾಗ ಎಲ್ಲಾಕ್ಕಿಂತ ಮ್ಯಾಲಿನ ಪದವಿಯಾವ, ಆದ. ಸುಮೊ ಗರಡಿಯೊಳಗ ಸ್ನಾನಕ್ಕ, ಊಟಕ್ಕ ಮ್ಯಾಲಿನ ದರ್ಜೆಯವರು ಮೊದಲ, ವಯಸ್ಸಿಗೆ ಕಿಮ್ಮತ್ತಿಲ್ಲ. ಮಗನ ವಾರಿಗಿಯಾವ ಉಂಡು ಎದ್ದಮ್ಯಾಲೆ ಕೂಡೋದು ಹೆಂಗಿರತೈತಿ ಅನ್ನೋದು ಚುಕ್ಕಿಯೊಳಗ ಬರೋದಿಲ್ಲ. ಆದ್ರ ಎರಡೂ ಪುಟ ಅಕ್ಕಪಕ್ಕ ತಗದು ನೋಡ್ರಿ. ಯೊಕೊಜುನಾಂದೂ ಅದಾ ಅಚ್ಚು, ಹನಕಾಜೆದೂ ಅದಾ ಅಚ್ಚು. ಉದ್ದ ಮಾತ್ರ ಹನಕಾಜೆದ ಹೆಚ್ಚು.

ವಿಡಿಯೊ ಬೇಕು ಅನ್ನಾವರಿಗೆ ಇದು ಅಲ್ಲ, ಬರೇ ಕೋಷ್ಟಕ. ಗೈರು ಅಂತ ಬರದಿರತೈತಿ, ಮೊಣಕಾಲು ಹೋತೋ ಹೆಗಲು ಹೋತೋ ತಿಳಿಯಂಗಿಲ್ಲ. ರೊಕ್ಕದ ಕಾಲಂ ಇಲ್ಲದ್ದು ದಿವಾನಜಿಯಾದ ನನಗ ಒಂಚೂರು ಬ್ಯಾಸರ. ಐದಕ್ಕ ನಾಕೂವರಿ ಕೊಡತೀನಿ.

ಹೊಸದಾಗಿ ನೋಡಾವರು ಹಿಂಗ ಮಾಡ್ರಿ: ಇತ್ತೀಚಿನ ಬಾಶೋದ ದರ್ಜೆ ಪಟ್ಟಿ, ಬಾಂಜುಕೆ, ತಗೀರಿ. ಮ್ಯಾಲಿನ ಹೆಸರು ಬಿಟ್ಟು ಸೀದಾ ತಳಕ್ಕ, ಜೊನೊಕುಚಿಗೆ ಹೋಗಿ ಒಬ್ಬನ್ನ ಆರಿಸ್ಕೊಳ್ಳಿರಿ. ತಳದವರ ಕುಸ್ತಿ ಅಲ್ಲಿ ಮುಂಜಾನೆ ಎಂಟೂವರಿ ಸುಮಾರಿಗೆ ಶುರು, ಅಂದ್ರ ನಮಗ ಐದು ಗಂಟೆ, ಖುರ್ಚಿ ಎಲ್ಲಾ ಖಾಲಿ ಇರೋ ಹೊತ್ತು. ಜನವರಿಂದ ಹಿಡಿದು ತಿಂಗಳ ಬಿಟ್ಟು ತಿಂಗಳ ಬಾಶೋ ಇರತೈತಿ. ನಡುವಿನ ತಿಂಗಳದಾಗ ಹಳೇ ಖಾತೆ ಓದಿಕೋತ ಕೂಡ್ರಿ.